ಮಕ್ಕಳು ಕೇಳಿದ್ದು ಮೊಟ್ಟೆ, ದೊಡ್ಡವರು ಕೊಟ್ಟದ್ದು ಉಪದೇಶ

2021ರ ಡಿಸೆಂಬರ್ ತಿಂಗಳಲ್ಲಿ ಕೊಪ್ಪಳ ಜಿಲ್ಲೆಯ ಗಂಗಾವತಿಯ ಶಾಲಾ ಬಾಲಕಿಯೊಬ್ಬಳ ಮಾತು ನಾಡಿನಾದ್ಯಂತ ಸದ್ದು ಮಾಡಿತು. ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡಬಾರದೆಂದು ಕೆಲವು ಮಠಾಧೀಶರು ಸರಕಾರದ ಮೇಲೆ ಒತ್ತಡ ಹೇರುತ್ತಿದ್ದ ದಿನಗಳವು. ವಿದ್ಯಾರ್ಥಿಗಳ ಪ್ರತಿಭಟನೆಯಲ್ಲಿ ಮಾತಿಗೆ ನಿಂತ ಆ ಬಾಲಕಿ ಯಾರೂ ಬರೆದುಕೊಟ್ಟ ಭಾಷಣವನ್ನು ಒಪ್ಪಿಸಲಿಲ್ಲ. ನಮಗೆ ಮೊಟ್ಟೆ ಬೇಕು, ಬೇಡವೆನ್ನಲು ನೀವು ಯಾರು, ಬಡವರ ಮಕ್ಕಳ ಪರಿಸ್ಥಿತಿ ನಿಮಗೇನು ಗೊತ್ತು ಎಂದು ಕೇಳಿದಳು. ಶಾಲೆಯಲ್ಲಿ ಮೊಟ್ಟೆ ಕೊಡುವುದನ್ನು ತಡೆದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂದೂ ಎಚ್ಚರಿಸಿದಳು.

ಹಲವರು ನಕ್ಕರು, ಹಲವರು ಚಪ್ಪಾಳೆ ತಟ್ಟಿದರು, ಇನ್ನು ಕೆಲವರು ಹುಡುಗಿಗೆ ಸಂಸ್ಕಾರವಿಲ್ಲ ಎಂದರು. ಆದರೆ ಆಕೆ ಎತ್ತಿದ ಪ್ರಶ್ನೆಗೆ ಉತ್ತರಿಸಿದವರು ಬಹಳ ಕಡಿಮೆ. ಶಾಲೆಯ ಊಟ ಹೇಗಿರಬೇಕೆಂದು ತೀರ್ಮಾನಿಸುವಾಗ ಆ ಊಟವನ್ನು ಉಣ್ಣುವ ಮಕ್ಕಳ ಮಾತಿಗೆ ಏನಾದರೂ ಬೆಲೆಯಿದೆಯೇ? ಅಂದಿನ ಪ್ರಶ್ನೆ ಇದು. ಇಂದಿನ ಪ್ರಶ್ನೆಯೂ ಇದೇ.

ಅಂದು ನಡೆದದ್ದೇನು ಎಂಬುದನ್ನು ಮೊದಲು ನೆನಪಿಸಿಕೊಳ್ಳೋಣ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ ಮುಂತಾದ ಏಳು ಜಿಲ್ಲೆಗಳ ಸರಕಾರಿ ಹಾಗೂ ಅನುದಾನಿತ ಶಾಲೆಗಳ ಒಂದರಿಂದ ಎಂಟನೇ ತರಗತಿಯ ಮಕ್ಕಳಿಗೆ ಮೊಟ್ಟೆ ಕೊಡಲು ರಾಜ್ಯ ಸರಕಾರ 2021ರ ನವೆಂಬರ್‌ನಲ್ಲಿ ಆದೇಶಿಸಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣಿನ ವ್ಯವಸ್ಥೆಯಿತ್ತು. ಯಾವ ಮಗುವಿನ ಬಾಯಿಗೂ ಬಲವಂತವಾಗಿ ಮೊಟ್ಟೆ ತುರುಕುವ ಮಾತು ಆದೇಶದಲ್ಲಿರಲಿಲ್ಲ. 14 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ತಲುಪಬೇಕಿದ್ದ ಈ ಯೋಜನೆ ಆರಂಭವಾಗುವ ಮೊದಲೇ ಪ್ರತಿಭಟನೆಯ ಬೆದರಿಕೆಗಳು ಬಂದವು. ಶಾಲೆಗಳು ಮಿಲಿಟರಿ ಹೋಟೆಲುಗಳಾಗುತ್ತವೆ ಎಂಬ ಮಾತೂ ಕೇಳಿ ಬಂತು. ಅದಕ್ಕೂ ಹಿಂದೆ ಇಂಥ ಪ್ರಸ್ತಾಪಗಳು ಬಂದಾಗಲೆಲ್ಲ ವಿರೋಧದ ಸದ್ದಿಗೆ ಬೆದರಿ ಸರಕಾರಗಳು ಹಿಂದೆ ಸರಿದದ್ದುಂಟು. ಈ ಬಾರಿ ಹಾಗಾಗಲಿಲ್ಲ. ಅದರಲ್ಲಿ ಬೀದಿಗಿಳಿದು ಮಾತಾಡಿದ ಮಕ್ಕಳ ಪಾಲೂ ಇದೆ. ತಟ್ಟೆಯ ಮುಂದೆ ಕುಳಿತ ಮಕ್ಕಳಲ್ಲಿ ಬಹುಪಾಲು ಮಂದಿ ಆರಿಸಿಕೊಂಡದ್ದೂ ಮೊಟ್ಟೆಯನ್ನೇ.

ಆ ಜಿಲ್ಲೆಗಳನ್ನೇ ಏಕೆ ಆರಿಸಲಾಯಿತು? ಕಾರಣ ಸ್ಪಷ್ಟವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು; ಶೇ. 32.9ರಷ್ಟು ಮಂದಿ ವಯಸ್ಸಿಗೆ ತಕ್ಕ ತೂಕವಿಲ್ಲದವರು. ಯಾದಗಿರಿ ಜಿಲ್ಲೆಯಲ್ಲಂತೂ ಅರ್ಧಕ್ಕಿಂತ ಹೆಚ್ಚು ಮಕ್ಕಳ ಬೆಳವಣಿಗೆ ಕುಂಠಿತಗೊಂಡಿದೆ. ರಾಜ್ಯದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಇವು ಯಾವುದೋ ವಿರೋಧ ಪಕ್ಷದ ಕರಪತ್ರದಿಂದ ಹೆಕ್ಕಿದ ಅಂಕಿಗಳಲ್ಲ, ಸರಕಾರವೇ ಪ್ರಕಟಿಸಿದವು. ಐಟಿ ರಾಜಧಾನಿಯೆಂದು ಬೀಗುವ ರಾಜ್ಯವೊಂದರ ತರಗತಿಗಳಲ್ಲಿ ಸೊರಗಿದ ಮಕ್ಕಳು ಕುಳಿತಿದ್ದಾರೆ. ಅವರೇ ಬಾಯಿ ಬಿಟ್ಟು ಕೇಳಿದರೆ ನಾವು ಅವರಿಗೆ ಸಂಸ್ಕೃತಿಯ ಪಾಠ ಹೇಳುತ್ತೇವೆ. ಇದು ಯಾವ ನ್ಯಾಯ?

ಮೊಟ್ಟೆಯ ವಿರೋಧಿಗಳು ಮುಂದಿಟ್ಟ ವಾದಗಳನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಒಂದೊಂದನ್ನೂ ಪರಿಶೀಲಿಸೋಣ.

ಒಂದೇ ಪಂಕ್ತಿಯಲ್ಲಿ ಕೆಲವರಿಗೆ ಮೊಟ್ಟೆ, ಕೆಲವರಿಗೆ ಬಾಳೆಹಣ್ಣು ಕೊಟ್ಟರೆ ಮಕ್ಕಳಲ್ಲಿ ಭೇದಭಾವ ಬೆಳೆಯುತ್ತದೆ ಎಂಬುದು ಮೊದಲನೆಯ ವಾದ. ಕೇಳಲು ಇಂಪಾಗಿದೆ. ಆದರೆ ಈ ಮಕ್ಕಳು ಒಂದೇ ಬೀದಿಯಲ್ಲಿ ಬೆಳೆದವರು. ಯಾರ ಮನೆಯಲ್ಲಿ ಏನು ಬೇಯುತ್ತದೆಂಬುದು ಅವರಿಗೆ ಮೊದಲೇ ಗೊತ್ತು. ಪಕ್ಕದವನ ತಟ್ಟೆಯಲ್ಲಿರುವುದು ತನ್ನ ತಟ್ಟೆಯಲ್ಲಿಲ್ಲ ಎಂಬ ಮಾತ್ರಕ್ಕೆ ಮಗು ದ್ವೇಷ ಕಲಿಯುವುದಿಲ್ಲ. ಪಕ್ಕದವನ ತಟ್ಟೆಯಲ್ಲಿರುವುದು ಹೊಲಸು ಎಂದು ದೊಡ್ಡವರು ಹೇಳಿಕೊಟ್ಟಾಗ ಕಲಿಯುತ್ತದೆ. ಬೇರೆ ಬೇರೆ ಆಹಾರ ಪದ್ಧತಿಯವರು ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದಕ್ಕಿಂತ ದೊಡ್ಡ ಸೌಹಾರ್ದದ ಪಾಠ ಇನ್ಯಾವ ಪುಸ್ತಕದಲ್ಲಿದೆ?

ಎರಡನೆಯ ವಾದ, ಮೊಟ್ಟೆಯ ಬದಲು ಬೇಳೆಕಾಳು, ಹಣ್ಣು, ಹಾಲು ಕೊಡಬಹುದಲ್ಲ ಎಂಬುದು. ಖಂಡಿತ ಕೊಡಲಿ. 2013ರಲ್ಲಿ ಕ್ಷೀರಭಾಗ್ಯದ ಹೆಸರಿನಲ್ಲಿ ಶಾಲೆಗಳಲ್ಲಿ ಹಾಲು ಕೊಡಲು ಆರಂಭಿಸಿದಾಗ ಯಾರೂ ಬೇಡವೆನ್ನಲಿಲ್ಲ. ಆದರೆ ಒಂದು ಬಾಳೆಹಣ್ಣಿನಲ್ಲಿರುವ ಪ್ರೋಟೀನ್ ಸುಮಾರು ಒಂದು ಗ್ರಾಂ. ಒಂದು ಮೊಟ್ಟೆಯಲ್ಲಿರುವುದು ಸುಮಾರು ಆರು ಗ್ರಾಂ. ಬಿಸಿಯೂಟದ ಮಾನದಂಡದಂತೆ ಕಿರಿಯ ಪ್ರಾಥಮಿಕ ಶಾಲೆಯ ಮಗುವಿಗೆ ದಿನಕ್ಕೆ 12 ಗ್ರಾಂ, ಹಿರಿಯ ಪ್ರಾಥಮಿಕದ ಮಗುವಿಗೆ 20 ಗ್ರಾಂ ಪ್ರೋಟೀನ್ ಸಿಗಬೇಕು. ಬೇಳೆಯ ಪ್ರಮಾಣವೂ ಕಾಗದದಲ್ಲಿ ನಿಗದಿಯಾಗಿದೆ. ಆದರೆ ದೊಡ್ಡ ಪಾತ್ರೆಯ ಸಾಂಬಾರಿನಲ್ಲಿ ಬೇಳೆ ಎಷ್ಟು, ನೀರು ಎಷ್ಟು ಎಂದು ಅಳೆಯುವವರು ಯಾರು? ತೊಗರಿಬೇಳೆಯ ಬೆಲೆ ಏರಿದಾಗ ಸಾರು ತೆಳ್ಳಗಾಗುತ್ತದೆ. ಮೊಟ್ಟೆಗೆ ನೀರು ಬೆರೆಸಲಾಗದು. ತಟ್ಟೆಯಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಒಂದನೇ ತರಗತಿಯ ಮಗುವೂ ಅದನ್ನು ಲೆಕ್ಕ ಹಾಕಬಲ್ಲದು. ಬಡವರ ಮಕ್ಕಳ ಪಾಲಿಗೆ ಮೊಟ್ಟೆಯ ದೊಡ್ಡ ಗುಣ ಇದೇ ಇರಬಹುದು.

ಮೂರನೆಯ ವಾದ ವಿಜ್ಞಾನದ ವೇಷ ತೊಟ್ಟು ಬಂತು. 2022ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಗಾಗಿ ರಾಜ್ಯದ ಸಮಿತಿಯೊಂದು ಸಿದ್ಧಪಡಿಸಿದ ಆರೋಗ್ಯ ಕುರಿತ ವರದಿಯು, ಮೊಟ್ಟೆ-ಮಾಂಸದ ನಿಯಮಿತ ಸೇವನೆಯಿಂದ ಜೀವನಶೈಲಿಯ ರೋಗಗಳು ಬರುತ್ತವೆ ಎಂದು ಹೇಳಿತು. ವಿಪರ್ಯಾಸವೆಂದರೆ ಅದೇ ವರ್ಷ ಗದಗದ ಕರ್ನಾಟಕ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಅಧ್ಯಯನ ಬೇರೆಯೇ ಕಥೆ ಹೇಳಿತ್ತು. ಮೊಟ್ಟೆ ಪಡೆದ ಯಾದಗಿರಿಯ ಮಕ್ಕಳನ್ನೂ ಪಡೆಯದ ಗದಗಿನ ಮಕ್ಕಳನ್ನೂ ಹೋಲಿಸಿ ನೋಡಿದಾಗ, ಯಾದಗಿರಿಯ ಮಕ್ಕಳ ಬೆಳವಣಿಗೆ ಉತ್ತಮಗೊಂಡದ್ದು ಕಂಡುಬಂತು. ಸರಕಾರದ ಒಂದು ಕೈ ಮಕ್ಕಳ ತೂಕ ಏರಿದ್ದನ್ನು ದಾಖಲಿಸುತ್ತಿತ್ತು, ಇನ್ನೊಂದು ಕೈ ಅದೇ ಮೊಟ್ಟೆಯನ್ನು ರೋಗದ ಮೂಲವೆಂದು ಬರೆಯುತ್ತಿತ್ತು. ಅಷ್ಟಕ್ಕೂ, ಜೀವನಶೈಲಿಯ ರೋಗದ ಭಯವನ್ನು ಹೊಟ್ಟೆ ತುಂಬಾ ಉಣ್ಣದ ಮಗುವಿನ ಮುಂದಿಡುವುದು, ಕೊಡೆ ಇಲ್ಲದೆ ನೆನೆಯುತ್ತಿರುವವನಿಗೆ ನೀರು ಮಿತವಾಗಿ ಬಳಸೆಂದು ಬುದ್ಧಿ ಹೇಳಿದಂತೆ.

ನಾಲ್ಕನೆಯದು ಭಾವನೆಯ ವಾದ. ಮೊಟ್ಟೆ ತಿನ್ನದವರ ಭಾವನೆಯನ್ನು ಗೌರವಿಸಲೇಬೇಕು. ಸಸ್ಯಾಹಾರ ಒಬ್ಬನ ಶ್ರದ್ಧೆಯಾಗಿದ್ದರೆ ಅದನ್ನು ಪಾಲಿಸುವ ಪೂರ್ಣ ಹಕ್ಕು ಅವನಿಗಿದೆ, ಆ ಹಕ್ಕಿಗೆ ಕುಂದು ಬಂದರೆ ನಾವೂ ಅವನ ಪರವಾಗಿ ನಿಲ್ಲಬೇಕು. ಆದರೆ ನನ್ನ ವ್ರತವನ್ನು ನಾನು ಪಾಲಿಸುವುದು ಶ್ರದ್ಧೆ. ನನ್ನ ವ್ರತವನ್ನು ಹಸಿದ ನೆರೆಮನೆಯ ಮಗುವಿನ ಮೇಲೆ ಹೇರುವುದು ದರ್ಪ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮಂಡ್ಯ ಜಿಲ್ಲೆಯ ಗ್ರಾಮವೊಂದರಲ್ಲಿ 2025ರಲ್ಲಿ, ದೇವಸ್ಥಾನದ ಬಳಿಯಿರುವ ಶಾಲೆಯಲ್ಲಿ ಮೊಟ್ಟೆ ಬೇಯಿಸಬಾರದೆಂದು ಕೆಲವು ಪೋಷಕರು ಪಟ್ಟು ಹಿಡಿದರು, ಬೇಯಿಸಲೇಬೇಕೆಂದು ಇನ್ನು ಕೆಲವರು ಹಟ ತೊಟ್ಟರು. ಕೊನೆಗೆ ಹಲವರು ಮಕ್ಕಳನ್ನೇ ಬೇರೆ ಶಾಲೆಗೆ ಸೇರಿಸಿದರು. ದೊಡ್ಡವರ ಜಗಳದಲ್ಲಿ ಶಾಲೆ ಬದಲಿಸಬೇಕಾದವರು ಮಕ್ಕಳು!

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಇದು ಯಾವುದೇ ಮಠ ಅಥವಾ ಸಮುದಾಯದ ವಿರುದ್ಧದ ಲೇಖನವಲ್ಲ. ಕರ್ನಾಟಕದಲ್ಲಿ 2002ರಲ್ಲಿ ಆರಂಭವಾದ ಬಿಸಿಯೂಟ ಯೋಜನೆಗೆ ಅಕ್ಷರ ದಾಸೋಹ ಎಂಬ ಹೆಸರಿದೆ. ದಾಸೋಹ ಎಂಬುದು ಶರಣರು ಈ ನಾಡಿಗೆ ಕೊಟ್ಟ ಪದ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಜಾತಿ-ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟ ಪರಂಪರೆಯನ್ನು ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಆ ಪದದ ಗೌರವ ಉಳಿಯಬೇಕಾದರೆ ಉಣ್ಣುವವನ ಹಸಿವು ಮುಖ್ಯವಾಗಬೇಕೇ ಹೊರತು ಬಡಿಸುವವನ ಅಭಿರುಚಿಯಲ್ಲ. 2018-19ರಲ್ಲಿ ಅಕ್ಷಯ ಪಾತ್ರ ಸಂಸ್ಥೆಯ ಊಟದ ಬಗ್ಗೆ ಎದ್ದ ವಿವಾದದ ತಿರುಳೂ ಇದೇ. ಆ ಸಂಸ್ಥೆ ಈರುಳ್ಳಿ-ಬೆಳ್ಳುಳ್ಳಿ ಬಳಸಲು ಒಪ್ಪಲಿಲ್ಲ. ರುಚಿಯಿಲ್ಲದ್ದರಿಂದ ಮಕ್ಕಳು ಕಡಿಮೆ ಉಣ್ಣುತ್ತಾರೆಂಬ ದೂರುಗಳು ಬಂದವು. ಊಟ ಪೌಷ್ಟಿಕಾಂಶದ ಮಾನದಂಡಕ್ಕೆ ತಕ್ಕಂತಿದೆಯೆಂದು ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ ಹೇಳಿದ್ದೂ ನಿಜ. ಆದರೆ ಮಾನದಂಡಕ್ಕೆ ತಕ್ಕ ಊಟ ತಟ್ಟೆಯಲ್ಲೇ ಉಳಿದರೆ ಪೋಷಣೆ ಯಾರಿಗೆ ಸಿಕ್ಕಿತು? ಊಟ ಹೇಗಿದೆಯೆಂದು ಪ್ರಯೋಗಾಲಯವನ್ನು ಕೇಳುವಂತೆ ಮಕ್ಕಳನ್ನೂ ಕೇಳಬೇಕಲ್ಲವೇ?

ನಿಜವಾಗಿ, ಬಿಸಿಯೂಟ ಯಾರ ದಾನವೂ ಅಲ್ಲ. ಸರಕಾರಿ ಹಾಗೂ ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಮ್ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಅದನ್ನು ಕಾನೂನಿನ ಹಕ್ಕಾಗಿಸಿತು. ಹಕ್ಕನ್ನು ಕೇಳುವವರು ಕೈ ಚಾಚುವುದಿಲ್ಲ, ತಲೆಯೆತ್ತಿ ಕೇಳುತ್ತಾರೆ. ಗಂಗಾವತಿಯ ಬಾಲಕಿ ತಲೆಯೆತ್ತಿ ಕೇಳಿದ್ದೇ ಹಲವರಿಗೆ ಸಂಸ್ಕಾರಹೀನತೆಯಾಗಿ ಕಂಡಿತು.

ಆಕೆ ಮತ್ತು ಆಕೆಯಂಥ ಮಕ್ಕಳು ಗೆದ್ದರೇ? ಬಹಳ ಮಟ್ಟಿಗೆ ಗೆದ್ದರು. ಮರುವರ್ಷ ಯೋಜನೆ ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿತು. 2023ರಲ್ಲಿ ಒಂಬತ್ತು ಮತ್ತು ಹತ್ತನೇ ತರಗತಿಯವರನ್ನೂ ಸೇರಿಸಿ ವಾರಕ್ಕೆ ಎರಡು ಮೊಟ್ಟೆ ಎಂದಾಯಿತು. 2024ರ ಸೆಪ್ಟೆಂಬರ್‌ನಿಂದ ಅಝೀಮ್ ಪ್ರೇಮ್‌ಜಿ ಫೌಂಡೇಶನ್‌ನ ನೆರವಿನೊಂದಿಗೆ ವಾರದ ಆರು ದಿನವೂ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಕೊಡುವ ವ್ಯವಸ್ಥೆ ಜಾರಿಗೆ ಬಂತು. ಮೂರು ವರ್ಷಗಳ ಅವಧಿಗೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಆ ಸಂಸ್ಥೆ ಒಪ್ಪಿತು. ವಾರದ ಎರಡು ಮೊಟ್ಟೆ ಸರಕಾರದ್ದು, ನಾಲ್ಕು ಸಂಸ್ಥೆಯದ್ದು.

ಸಂಸ್ಥೆಯ ಔದಾರ್ಯ ಶ್ಲಾಘನೀಯ. ಆದರೆ ಸರಕಾರದ ನಿರಾಳತೆ ಶ್ಲಾಘನೀಯವಲ್ಲ. ಔದಾರ್ಯಕ್ಕೆ ಅವಧಿಯಿರುತ್ತದೆ, ಹಸಿವಿಗೆ ಅವಧಿಯಿಲ್ಲ. ಮೂರು ವರ್ಷ ಮುಗಿದ ಮೇಲೆ ಆ ನಾಲ್ಕು ಮೊಟ್ಟೆಗಳ ಹೊಣೆ ಯಾರದು? ಈ ಪ್ರಶ್ನೆಗೆ ಸರಕಾರ ಬಜೆಟ್‌ನಲ್ಲಿ ಉತ್ತರ ಬರೆಯಬೇಕು. ಇಲ್ಲದಿದ್ದರೆ ಕೊಟ್ಟು ಕಿತ್ತುಕೊಂಡ ಪಾಪ ಅದರ ತಲೆಗೇ ಬರುತ್ತದೆ.

ಇನ್ನು ಹಣದ ಲೆಕ್ಕ ನೋಡಿ. ಕೇಂದ್ರ ಸರಕಾರ 2025ರ ಮೇ 1ರಿಂದ ಪರಿಷ್ಕರಿಸಿದ ದರದಂತೆ ಬೇಳೆ, ತರಕಾರಿ, ಎಣ್ಣೆ, ಮಸಾಲೆ ಹಾಗೂ ಇಂಧನಕ್ಕಾಗಿ ಕಿರಿಯ ಪ್ರಾಥಮಿಕದ ಮಗುವಿಗೆ ದಿನಕ್ಕೆ 6 ರೂಪಾಯಿ 78 ಪೈಸೆ, ಹಿರಿಯ ಪ್ರಾಥಮಿಕದ ಮಗುವಿಗೆ 10 ರೂಪಾಯಿ 17 ಪೈಸೆ ನಿಗದಿಯಾಯಿತು. ಇದನ್ನೂ ಕೇಂದ್ರ ಮತ್ತು ರಾಜ್ಯ ಹಂಚಿಕೊಂಡು ಭರಿಸುತ್ತವೆ. ನಮ್ಮ ಪಟ್ಟಣಗಳ ಹೋಟೆಲಿನಲ್ಲಿ ಈ ಹಣಕ್ಕೆ ಒಂದು ಲೋಟ ಚಹಾ ಸಿಗುವುದೂ ಕಷ್ಟ. ಮೊಟ್ಟೆಗೆಂದು ರಾಜ್ಯ ಸರಕಾರ ನಿಗದಿಪಡಿಸಿದ್ದ 6 ರೂಪಾಯಿಯಲ್ಲೇ ಸಾಗಾಟ, ಇಂಧನ, ಸಿಪ್ಪೆ ಸುಲಿಯುವ ಕೂಲಿ ಎಲ್ಲವೂ ಸೇರಿತ್ತು. ಮಾರುಕಟ್ಟೆಯಲ್ಲಿ ಮೊಟ್ಟೆಯ ದರವೇ ಅದನ್ನು ದಾಟಿದಾಗ ಕೈಯಿಂದ ಹಣ ಹಾಕಬೇಕಾದ ಸಂಕಟ ಮುಖ್ಯ ಶಿಕ್ಷಕರದ್ದಾಯಿತು. ಸಂಸ್ಕೃತಿಯ ಹೆಸರಿನಲ್ಲಿ ಮೊಟ್ಟೆಯನ್ನು ತಡೆಯಲಾಗದವರು ಲೆಕ್ಕಪತ್ರದ ಹೆಸರಿನಲ್ಲಿ ತಡೆಯಬಹುದು. ಆಗ ಗಲಾಟೆಯೂ ಇರುವುದಿಲ್ಲ, ಸುದ್ದಿಯೂ ಆಗುವುದಿಲ್ಲ.

ಇಷ್ಟು ಹೇಳಿ ನಾವು ಲೇಖನಿ ಕೆಳಗಿಡಬಹುದಿತ್ತು. ಇತರರನ್ನು ಟೀಕಿಸಿ ಮುಗಿಸುವುದು ಸುಲಭ, ಓದುವವರಿಗೂ ಹಿತ. ಆದರೆ ಪ್ರಾಮಾಣಿಕತೆ ಇನ್ನೊಂದು ಪ್ರಶ್ನೆ ಕೇಳುತ್ತದೆ. ಗಂಗಾವತಿಯ ಬಾಲಕಿಯ ಮಾತಿಗೆ ಚಪ್ಪಾಳೆ ತಟ್ಟಿದವರಲ್ಲಿ ನಾವೂ ಇದ್ದೆವಲ್ಲ? ಆ ಚಪ್ಪಾಳೆ ಯಾತಕ್ಕಾಗಿತ್ತು? ಮಕ್ಕಳ ಹಸಿವಿಗಾಗಿಯೇ, ಅಥವಾ ನಮ್ಮ ಆಹಾರವನ್ನು ಸದಾ ಹಳಿಯುವವರಿಗೆ ಒಂದು ಏಟು ಬಿತ್ತೆಂಬ ಖುಷಿಗಾಗಿಯೇ?

ಉತ್ತರ ನಮ್ಮ ಮನೆಯೊಳಗಿದೆ. ಪಟ್ಟಣದ ನಮ್ಮ ಮಕ್ಕಳ ಬುತ್ತಿಯನ್ನು ಒಮ್ಮೆ ಬಿಚ್ಚಿ ನೋಡೋಣ. ಬೆಳಿಗ್ಗೆಯ ಗಡಿಬಿಡಿಯಲ್ಲಿ ಬೇಕರಿಯ ಪಪ್ಸ್, ಪೊಟ್ಟಣದ ಚಿಪ್ಸ್, ಎರಡು ನಿಮಿಷದ ನೂಡಲ್ಸ್, ಜೊತೆಗೆ ಬಣ್ಣದ ಪಾನೀಯಕ್ಕೆಂದು ಹತ್ತು ರೂಪಾಯಿ. ಯಾದಗಿರಿಯ ಮಗು ಇಲ್ಲದ್ದಕ್ಕೆ ಸೊರಗಿದರೆ ನಮ್ಮ ಮಗು ಇದ್ದೂ ಸೊರಗುತ್ತಿದೆ. ಶಾಲಾ ಕ್ಯಾಂಟೀನಿನಲ್ಲೂ ಶಾಲೆಯ ಗೇಟಿನಿಂದ 50 ಮೀಟರ್ ವ್ಯಾಪ್ತಿಯಲ್ಲೂ ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸುಗಳನ್ನು ಮಾರಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2020ರಲ್ಲೇ ನಿಯಮ ರೂಪಿಸಿದೆ. ನಮ್ಮ ಟ್ರಸ್ಟ್‌ಗಳು ನಡೆಸುವ ಎಷ್ಟು ಶಾಲೆಗಳ ಆಡಳಿತ ಮಂಡಳಿಗಳಿಗೆ ಈ ನಿಯಮ ಗೊತ್ತು? ಗೊತ್ತಿರುವವರಲ್ಲಿ ಎಷ್ಟು ಮಂದಿ ಕ್ಯಾಂಟೀನಿನ ಬಾಡಿಗೆಯ ಆಸೆ ಬಿಟ್ಟು ಅದನ್ನು ಪಾಲಿಸಿದ್ದಾರೆ? ಸಂಸ್ಕೃತಿಯ ಹೆಸರಲ್ಲಿ ಮಗುವಿಗೆ ಮೊಟ್ಟೆ ತಪ್ಪಿಸುವುದು ಅಪರಾಧವಾದರೆ, ಬಾಡಿಗೆಯ ಹೆಸರಲ್ಲಿ ಮಗುವಿಗೆ ಕಸ ತಿನ್ನಿಸುವುದು ಪುಣ್ಯದ ಕೆಲಸವೇ?

ಊಟ ಚೆನ್ನಾಗಿಲ್ಲವೆಂದು ಮಗುವೊಂದು ಮನೆಯಲ್ಲಿ ಹೇಳಿದರೆ ನಾವು ಏನು ಮಾಡುತ್ತೇವೆ? ಕೊಟ್ಟದ್ದನ್ನು ತಿಂದು ಎದ್ದು ಹೋಗು ಎನ್ನುತ್ತೇವೆ. ಹೆಣ್ಣುಮಗುವಾದರೆ ನಾಲಿಗೆ ಉದ್ದವಾಯಿತು ಎಂಬ ಇನ್ನೊಂದು ಮಾತೂ ಸೇರುತ್ತದೆ. ಕೊಪ್ಪಳದ ಬಾಲಕಿಯ ಧೈರ್ಯವನ್ನು ಕೊಂಡಾಡುವ ತಂದೆ ತನ್ನ ಮಗಳ ಪ್ರಶ್ನೆಗೆ ಕಣ್ಣು ಕೆಂಪಗೆ ಮಾಡುತ್ತಾನೆ. ಮಕ್ಕಳಿಗೆ ಸಂಬಂಧಿಸಿದ ವಿಚಾರಗಳಲ್ಲಿ ಅವರ ಅಭಿಪ್ರಾಯಕ್ಕೆ ಮನ್ನಣೆಯಿರಬೇಕೆಂದು ಹೇಳುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ ಸೇರಿದ್ದು 1992ರಲ್ಲಿ. ಮೂರು ದಶಕ ಕಳೆದರೂ ಆ ಒಡಂಬಡಿಕೆ ನಮ್ಮ ಊಟದ ಕೋಣೆಯ ಹೊಸ್ತಿಲು ದಾಟಿಲ್ಲ.

ಸರಕಾರಿ ಶಾಲೆಗಳ ವಿಷಯದಲ್ಲಂತೂ ನಮ್ಮ ಅಸಡ್ಡೆಗೆ ಮಿತಿಯಿಲ್ಲ. ಉರ್ದು ಶಾಲೆಗಳೂ ಸೇರಿದಂತೆ ಪ್ರತಿ ಸರಕಾರಿ ಶಾಲೆಗೂ ಪೋಷಕರೇ ಸದಸ್ಯರಾಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿದೆ. ಬಿಸಿಯೂಟದ ಮೇಲೆ ಕಣ್ಣಿಡುವ ಅಧಿಕಾರ ಅದಕ್ಕಿದೆ. ಅದರ ಸಭೆಗೆ ಕರೆದರೆ ನಮಗೆ ಪುರುಸೊತ್ತಿಲ್ಲ. ನಮ್ಮ ಮಕ್ಕಳು ಖಾಸಗಿ ಶಾಲೆಗೆ ಹೋಗುತ್ತಾರೆ, ನಮಗೇಕೆ ಎಂಬ ಉಳ್ಳವರ ನಿರ್ಲಕ್ಷ್ಯ ಒಂದೆಡೆ. ಕೂಲಿ ಬಿಟ್ಟು ಸಭೆಗೆ ಹೋದರೆ ಸಂಜೆಯ ಅಡುಗೆಗೇನು ಎಂಬ ಬಡವರ ಅಸಹಾಯಕತೆ ಇನ್ನೊಂದೆಡೆ. ನಡುವೆ ಮಗುವಿನ ತಟ್ಟೆ ಅನಾಥವಾಗುತ್ತದೆ.

ಹಾಗಾದರೆ ಆಗಬೇಕಾದ್ದೇನು? ಮೊದಲನೆಯದಾಗಿ, ವಾರದ ಆರು ದಿನದ ಮೊಟ್ಟೆಯನ್ನು ಸರಕಾರ ತನ್ನದೇ ಖರ್ಚಿನ ಶಾಶ್ವತ ಯೋಜನೆಯಾಗಿಸಬೇಕು, ಮೊಟ್ಟೆಯ ದರವನ್ನು ಮಾರುಕಟ್ಟೆಯ ದರಕ್ಕೆ ತಕ್ಕಂತೆ ಪರಿಷ್ಕರಿಸುತ್ತಿರಬೇಕು. ಎರಡನೆಯದಾಗಿ, ತಿಂಗಳಿಗೊಮ್ಮೆ ಶಾಲೆಯ ಊಟದ ಬಗ್ಗೆ ಮಕ್ಕಳನ್ನೇ ಕೇಳಿ, ಅವರ ಮಾತನ್ನು ದಾಖಲಿಸಿ, ಶಾಲೆಯ ಗೋಡೆಯ ಮೇಲೆ ಅಂಟಿಸಬೇಕು. ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸುವ ಪದ್ಧತಿ ನಮ್ಮ ರಾಜ್ಯದಲ್ಲಿದೆ. ಹಳ್ಳಿಯ ಮಕ್ಕಳು ಅಧಿಕಾರಿಗಳ ಮುಂದೆ ನಿಂತು ಶೌಚಾಲಯದ ಬಗ್ಗೆ, ನೀರಿನ ಬಗ್ಗೆ, ಊಟದ ಬಗ್ಗೆ ಪ್ರಶ್ನಿಸಬಹುದಾದರೆ ಪಟ್ಟಣದ ಮಕ್ಕಳು ಪ್ರಶ್ನಿಸಬಾರದೇಕೆ? ಮೂರನೆಯದು ನಮ್ಮದೇ ಕೆಲಸ. ನಮ್ಮ ಬಡಾವಣೆಯ ಸರಕಾರಿ ಶಾಲೆಗೆ ಒಂದು ಮಧ್ಯಾಹ್ನ ಹೋಗಿ, ಮಕ್ಕಳ ಸಾಲಿನಲ್ಲೇ ಕುಳಿತು ಆ ಊಟವನ್ನು ಉಣ್ಣೋಣ. ಅಡುಗೆಯವರ ಕಷ್ಟವನ್ನೂ ಕೇಳೋಣ. ಬಳಿಕ ನಮ್ಮ ಟ್ರಸ್ಟ್‌ನ ಶಾಲೆಯ ಕ್ಯಾಂಟೀನಿಗೆ ಹೋಗಿ ಅಲ್ಲಿ ತೂಗು ಹಾಕಿದ ಪೊಟ್ಟಣಗಳನ್ನು ಎಣಿಸೋಣ.

ಗಂಗಾವತಿಯ ಬಾಲಕಿ ಕೇಳಿದ್ದು ಒಂದು ಮೊಟ್ಟೆ. ಒಂದು ರಾಜ್ಯಕ್ಕೆ ಅದು ದೊಡ್ಡ ಬೇಡಿಕೆಯಲ್ಲ. ಆದರೆ ಅದನ್ನು ಕೇಳಲು ಆಕೆ ಬೀದಿಗೆ ಬರಬೇಕಾಯಿತು ಎಂಬುದು ದೊಡ್ಡವರೆನಿಸಿಕೊಂಡ ನಮಗೆಲ್ಲರಿಗೂ ಅವಮಾನ. ಮುಂದಿನ ಮಗು ಬೀದಿಗೆ ಬರುವ ಮೊದಲೇ, ಅದು ತಟ್ಟೆಯ ಮುಂದೆ ಕುಳಿತಿರುವಾಗಲೇ ನಾವು ಕೇಳೋಣ: ಮಗೂ, ಊಟ ಹೇಗಿದೆ? ಕೇಳಿದ ಮೇಲೆ ಉತ್ತರಕ್ಕಾಗಿ ಒಂದಿಷ್ಟು ಹೊತ್ತು ಸುಮ್ಮನೆ ಕಾಯುವ ಸೌಜನ್ಯವೂ ನಮ್ಮಲ್ಲಿರಲಿ.